‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’: ತೆರೆಯ ಮೇಲಿನ ಶಾಲೆ ಎಲ್ಲಿದೆ?

ಗಡಿನಾಡ ಕನ್ನಡಿಗರು ಮತ್ತೆ ಮತ್ತೆ ನೋಡಿ ನಕ್ಕ ಚಿತ್ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟಿ ನಿರ್ದೇಶನದ ಈ ಚಿತ್ರ 2018ರ ಆಗಸ್ಟ್‌ನಲ್ಲಿ ತೆರೆಕಂಡಿತು. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಗೌರವ ಪಡೆಯಿತು. ಸೊಲ್ಲಾಪುರ, ಹೊಸೂರು, ಆದೋನಿ ಕಡೆಯ ನಮ್ಮ ಸದಸ್ಯರು ಕಾಸರಗೋಡಿಗೆ ಬಂದಾಗ ಆ ಶಾಲೆಯನ್ನೂ ನೋಡಿಬರಲು ಬಯಸಿದರೆ ನೆರವಾಗಲೆಂದು ಈ ಟಿಪ್ಪಣಿ.

ಶಾಲೆ ಇರುವುದು ಕೈರಂಗಳದಲ್ಲಿ

ಕಥೆ ನಡೆಯುವುದು ಕೇರಳದ ಕಾಸರಗೋಡಿನಲ್ಲಿ. ಆದರೆ ತೆರೆಯ ಮೇಲೆ ನಾವು ಕಂಡ ಶಾಲೆ ಇರುವುದು ಗಡಿಯ ಈಚೆಗೆ, ದಕ್ಷಿಣ ಕನ್ನಡ ಜಿಲ್ಲೆಯ ಕೈರಂಗಳದಲ್ಲಿ. ಮಂಗಳೂರಿನಿಂದ ಕೊಣಾಜೆ, ಮುಡಿಪು ಕಡೆಗೆ ಹೋಗುವವರಿಗೆ ಈ ಊರು ಸಿಗುತ್ತದೆ. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಚಿತ್ರೀಕರಣ ನಡೆಯಿತು. ಚಿತ್ರ ಬಂದ ಮೇಲೆ ನಿರ್ದೇಶಕರು ಆ ಶಾಲೆಯನ್ನು ದತ್ತು ತೆಗೆದುಕೊಂಡರು.

ಗಡಿಯಾಚೆಯ ಕಥೆಗೆ ಈಚೆಯ ಶಾಲೆ ಹೊಂದಿಕೊಂಡದ್ದು ನಮಗೇನೂ ಅಚ್ಚರಿಯಲ್ಲ. ಕೆಂಪು ಮುರಕಲ್ಲು, ಹಂಚಿನ ಮಾಡು, ಅಡಿಕೆ ತೋಟ, ಗುಡ್ಡದ ದಾರಿ ಎರಡೂ ಕಡೆ ಒಂದೇ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಕಿವಿಗೆ ಬೀಳುವುದೂ ಎರಡೂ ಕಡೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಇವೆರಡೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು.

ಕಥೆಯ ಊರು

ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟರೆ ತಲಪಾಡಿಯಲ್ಲಿ ಗಡಿ ದಾಟುತ್ತೇವೆ. ಮಂಜೇಶ್ವರ, ಕುಂಬಳೆ ಕಳೆದು ಕಾಸರಗೋಡು ಪೇಟೆ ತಲುಪಲು ಸುಮಾರು 50 ಕಿ.ಮೀ. ಚಿತ್ರದಲ್ಲಿ ಕೇಳಿಬರುವ ಕನ್ನಡ ಈ ದಾರಿಯ ಅಂಗಡಿ, ಬಸ್ಸುಗಳಲ್ಲಿ ಇಂದಿಗೂ ಸಿಗುತ್ತದೆ. ಭುಜಂಗನ ಪಾತ್ರದಲ್ಲಿ ಎಲ್ಲರನ್ನೂ ನಗಿಸಿದ ಪ್ರಕಾಶ್ ತುಮಿನಾಡು ಅವರ ಹೆಸರಿನಲ್ಲಿರುವ ತುಮಿನಾಡು ಕೂಡ ಮಂಜೇಶ್ವರದ ಕಡೆಯದೇ. ಮಂಜೇಶ್ವರದಲ್ಲಿ ಇಳಿದವರು ರಾಷ್ಟ್ರಕವಿ ಗೋವಿಂದ ಪೈ ಅವರ ಸ್ಮಾರಕ ‘ಗಿಳಿವಿಂಡು’ ನೋಡದೆ ಮುಂದೆ ಹೋಗಬಾರದು.

ಚಿತ್ರದ ಮಕ್ಕಳು ನೆರವು ಹುಡುಕಿಕೊಂಡು ಹೋಗುವುದು ಮೈಸೂರಿಗೆ. ಅನಂತ್ ನಾಗ್ ಅವರ ಅನಂತಪದ್ಮನಾಭ ಎದುರಾಗುವುದು ಅಲ್ಲಿಯೇ. ಊರಿನ ಶಾಲೆ ಉಳಿಸಲು ಗಡಿಯಾಚೆಯವರನ್ನು ಕರೆತರುವ ಈ ಪಯಣದಲ್ಲಿ ನಗು ಬೇಕಾದಷ್ಟಿದೆ. ಆದರೆ ಹೀಗೆ ನೆರವು ಕೇಳಿಕೊಂಡು ಅಲೆದ ಅನುಭವ ಗಡಿಯ ಎಷ್ಟೋ ಊರುಗಳಿಗೆ ಹೊಸದಲ್ಲ.

ನಗುವಿನ ಹಿಂದಿನ ಮಾತು

ಕನ್ನಡ ಬಾರದ ಗಣಿತ ಮೇಷ್ಟ್ರು ಕನ್ನಡ ಮಾಧ್ಯಮದ ತರಗತಿಗೆ ಬಂದು ನಿಲ್ಲುವ ಪ್ರಸಂಗಕ್ಕೆ ಬೆಂಗಳೂರಿನ ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಕ್ಕಿರಬಹುದು. ನಾವೂ ನಕ್ಕೆವು, ಆದರೆ ನಮಗೆ ಅದು ಮನೆಯ ಸುದ್ದಿ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಅರಿಯದ ಶಿಕ್ಷಕರ ನೇಮಕವಾದಾಗಲೆಲ್ಲ ಪೋಷಕರು, ಮಕ್ಕಳು ಪ್ರತಿಭಟಿಸಿದ್ದುಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಮನವಿ ಪತ್ರ ಬರೆಯುವಾಗ ಈ ವಿಧಿಯ ಸಂಖ್ಯೆಯನ್ನು ಮರೆಯದೆ ನಮೂದಿಸಿ.

ಶಾಲೆ ಮುಚ್ಚಲು ಆದೇಶವೇ ಬರಬೇಕೆಂದಿಲ್ಲ. ಒಂದನೇ ತರಗತಿಗೆ ಮಕ್ಕಳು ಬಾರದಿದ್ದರೂ ಸಾಕು. ಕೈರಂಗಳಕ್ಕೆ ಸಿನಿಮಾದ ಬೆಳಕು ಬಿತ್ತು, ಕೈಹಿಡಿಯುವವರು ಸಿಕ್ಕರು. ಕ್ಯಾಮೆರಾ ಹೋಗದ ಕನ್ನಡ ಶಾಲೆಗಳು ಅಕ್ಕಲಕೋಟೆ, ಜತ್ತ, ತಾಳವಾಡಿ, ಮಡಕಶಿರಾ ಕಡೆಗಳಲ್ಲೂ ಇವೆ.

ಹೋಗುವವರಿಗೆ

ಕೈರಂಗಳದ್ದು ಪಾಠ ನಡೆಯುವ ಶಾಲೆ, ಪ್ರವಾಸಿ ತಾಣವಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದೇ ಒಳಗೆ ಹೋಗಿ. ಪಾಠದ ಹೊತ್ತಿನಲ್ಲಿ ಬೇಡ. ಮಕ್ಕಳ ಫೋಟೋ ತೆಗೆಯಬೇಡಿ. ಬರಿಗೈಯಲ್ಲಿ ಹೋಗುವ ಬದಲು ಗ್ರಂಥಾಲಯಕ್ಕೆ ನಾಲ್ಕು ಕನ್ನಡ ಪುಸ್ತಕ ಒಯ್ಯಿರಿ. ಊರಿಗೆ ಮರಳಿದ ಮೇಲೆ ನಿಮ್ಮ ಓಣಿಯ ಕನ್ನಡ ಶಾಲೆಗೂ ಒಮ್ಮೆ ಹೋಗಿ, ಈ ವರ್ಷ ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದ್ದಾರೆಂದು ಕೇಳಿ ಬನ್ನಿ.