ಫೋನ್ ನಿಮ್ಮ ದನಿಯಲ್ಲಿ ಏನನ್ನು ಕತ್ತರಿಸುತ್ತೆ?

ಫೋನಿನಲ್ಲಿ ಹೆಸರಿನ ಸ್ಪೆಲಿಂಗ್ ಹೇಳುವಾಗ 'ಎಫ್ ಅಲ್ಲ ಸರ್, ಎಸ್' ಅಂತ ಒತ್ತಿ ಹೇಳಬೇಕಾಗುತ್ತೆ, ಅಲ್ವಾ? ತಪ್ಪು ನಿಮ್ಮ ಉಚ್ಚಾರಣೆಯದ್ದಲ್ಲ. ನಿಮ್ಮ ದನಿಯ ಒಂದು ಭಾಗ ಆ ಕಡೆಗೆ ಹೋಗೋದೇ ಇಲ್ಲ.

ಎಷ್ಟು ಹೋಗುತ್ತೆ?

ಸಾಂಪ್ರದಾಯಿಕ ಟೆಲಿಫೋನ್ ಸಾಗಿಸೋದು 300ರಿಂದ 3400 ಹರ್ಟ್ಜ್ ನಡುವಿನ ಸದ್ದನ್ನು ಮಾತ್ರ. ಡಿಜಿಟಲ್ ಆದಾಗಲೂ ಇದೇ ಮಿತಿ ಮುಂದುವರಿಯಿತು. ಸೆಕೆಂಡಿಗೆ 8000 ಸಲ ದನಿಯನ್ನು ಅಳೆದರೆ 4000 ಹರ್ಟ್ಜ್‌ಗಿಂತ ಮೇಲಿನದ್ದನ್ನು ಸರಿಯಾಗಿ ಹಿಡಿಯಲು ಆಗಲ್ಲ. ಅ, ಇ, ಉ ತರದ ಸ್ವರಗಳಿಗೆ ಇಷ್ಟು ಸಾಕು. ಆದರೆ 'ಸ'ಕಾರದ ಸುಯ್ ಎನ್ನುವ ಸದ್ದಿನ ಬಹುಪಾಲು ಇರೋದು ಅದಕ್ಕಿಂತ ಮೇಲೆ. ಹೆಂಗಸರ 'ಸ' ಸಾಮಾನ್ಯವಾಗಿ ಇನ್ನೂ ಎತ್ತರದಲ್ಲಿರುತ್ತೆ. ಹಾಗಾಗಿ ಅವರ ದನಿಗೆ ಕತ್ತರಿ ಹೆಚ್ಚು.

ಉಳಿದದ್ದೂ ಲೆಕ್ಕವೇ

ಪ್ರತಿ ಅಳತೆಗೆ 8 ಬಿಟ್ ಎಂದರೂ ಸೆಕೆಂಡಿಗೆ 64,000 ಬಿಟ್ ಬೇಕು. ಮೊಬೈಲ್ ತರಂಗಗಳಿಗೆ ಅದು ದುಬಾರಿ. ಇಲ್ಲಿ ನೆರವಿಗೆ ಬಂದದ್ದು ಲೀನಿಯರ್ ಪ್ರಿಡಿಕ್ಷನ್. ಮಾತಾಡುವಾಗ ಬಾಯಿ, ಗಂಟಲಿನ ಆಕಾರ ದಿಢೀರ್ ಬದಲಾಗಲ್ಲ. ಆದ್ದರಿಂದ ಹಿಂದಿನ ಕೆಲವು ಅಳತೆಗಳಿಂದ ಮುಂದಿನದ್ದನ್ನು ಊಹಿಸಬಹುದು. ಪೂರ್ತಿ ಸದ್ದಿನ ಬದಲು ಊಹೆಯ ಸೂತ್ರ ಮತ್ತು ಊಹೆ ತಪ್ಪಿದಷ್ಟನ್ನು ಕಳಿಸಿದರೆ ಸಾಕು.

1960ರ ದಶಕದಲ್ಲಿ ಜಪಾನಿನಲ್ಲಿ ಇಟಕುರ ಮತ್ತು ಸೈಟೊ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಇದನ್ನು ಬೆಳೆಸಿದರು. ಅಟಲ್ ಓದಿದ್ದು, ಆಮೇಲೆ ಕೆಲಕಾಲ ಪಾಠ ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1985ರಲ್ಲಿ ಶ್ರೋಡರ್ ಮತ್ತು ಅಟಲ್ ಮಂಡಿಸಿದ 'ಸೆಲ್ಪ್' ವಿಧಾನದಲ್ಲಿ ಒಂದು ಸೆಕೆಂಡಿನ ಮಾತನ್ನು ಸಂಕುಚಿಸಲು ಕ್ರೇ-1 ಸೂಪರ್ ಕಂಪ್ಯೂಟರ್‌ಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು. ಈಗ ಅದೇ ಬಗೆಯ ಲೆಕ್ಕವನ್ನು ಅಗ್ಗದ ಹ್ಯಾಂಡ್‌ಸೆಟ್ ಮಾತಾಡುತ್ತಿದ್ದಂತೆಯೇ ಮುಗಿಸುತ್ತೆ. 2ಜಿಯ ಮೂಲ ಜಿಎಸ್‌ಎಂ ಪದ್ಧತಿ 20 ಮಿಲಿಸೆಕೆಂಡಿನ ಪ್ರತಿ ತುಣುಕನ್ನು 260 ಬಿಟ್‌ಗೆ ಇಳಿಸಿತು, ಅಂದರೆ ಸೆಕೆಂಡಿಗೆ 13,000.

ಇದರಲ್ಲಿ ರಾಜಕೀಯ ಎಲ್ಲಿದೆ?

ಯಾವುದನ್ನು ಬಿಡಬೇಕು ಅನ್ನೋ ತೀರ್ಮಾನದಲ್ಲಿದೆ. 'ಮಾತು ಅರ್ಥವಾದರೆ ಸಾಕು' ಅನ್ನೋದು ತಂತಿಯ ಕಾಲಕ್ಕೆ ನ್ಯಾಯವಾದ ಅಳತೆಗೋಲೇ. ಕೇಳುವವರು ಮನುಷ್ಯರಾಗಿದ್ದರು, ಕಾಣೆಯಾದ 'ಸ'ವನ್ನು ಸಂದರ್ಭದಿಂದ ತುಂಬಿಕೊಳ್ಳುತ್ತಿದ್ದರು. ಈಗ ಬ್ಯಾಂಕು, ಸಹಾಯವಾಣಿಗಳಲ್ಲಿ ಯಂತ್ರ ಕೇಳಿಸಿಕೊಳ್ಳಲು ಶುರುಮಾಡಿದೆ. ಸ್ಪಷ್ಟ ರೆಕಾರ್ಡಿಂಗ್‌ಗಳಿಂದ ಮಾತ್ರ ಕಲಿತ ಯಂತ್ರ ಫೋನಿನ ಕತ್ತರಿಸಿದ ದನಿಯ ಮುಂದೆ ಎಡವುತ್ತೆ.

4ಜಿಯ ವೋಲ್ಟೆ ಕರೆಗಳಲ್ಲಿ ವೈಡ್‌ಬ್ಯಾಂಡ್ ಪದ್ಧತಿ ಸುಮಾರು 7000 ಹರ್ಟ್ಜ್‌ವರೆಗೂ ಸಾಗಿಸುತ್ತೆ, ಎರಡೂ ತುದಿಯ ಫೋನು ಮತ್ತು ನಡುವಿನ ನೆಟ್‌ವರ್ಕ್ ಒಪ್ಪಿದರೆ. 2ಜಿ ಹ್ಯಾಂಡ್‌ಸೆಟ್ ಹಿಡಿದಿರುವ ಹಳ್ಳಿಯ ಅಜ್ಜಿಗೆ ಈ ಸೌಲಭ್ಯ ಇಲ್ಲ. ಪಿಂಚಣಿ ಬಂದಿಲ್ಲ ಅಂತ ಅವರು ಕರೆ ಮಾಡಿದಾಗ ಯಂತ್ರ 'ಅರ್ಥವಾಗಲಿಲ್ಲ, ಮತ್ತೆ ಹೇಳಿ' ಅಂದರೆ, ಸೋತವರು ಅಜ್ಜಿಯಲ್ಲ.

ಹಾಗಾಗಿ ಯಾವುದೇ ಇಲಾಖೆ 'ನಮ್ಮ ಕನ್ನಡ ಧ್ವನಿ ಸೇವೆ ಇಷ್ಟು ನಿಖರ' ಅಂತ ಒಂದೇ ಅಂಕಿ ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಪರೀಕ್ಷೆ ಮಾಡಿದ್ದು ಯಾವ ನೆಟ್‌ವರ್ಕಿನ ಕರೆಗಳಲ್ಲಿ? ಹೆಂಗಸರಿಗೆ, ವಯಸ್ಸಾದವರಿಗೆ ಬಂದ ಅಂಕಿ ಎಷ್ಟು? ಕಲಬುರಗಿ, ಮಂಗಳೂರು, ಚಾಮರಾಜನಗರದ ಕನ್ನಡಗಳಿಗೆ ಬೇರೆ ಬೇರೆಯಾಗಿ ಎಷ್ಟು? ಸೇವೆ ಶುರುವಾಗುವ ಮೊದಲೇ ಈ ಉತ್ತರಗಳು ಸಾರ್ವಜನಿಕವಾಗಿರಬೇಕು.