ವೈದ್ಯಕೀಯ ನಿರ್ಧಾರದಲ್ಲಿ ಕೃತಕ ಬುದ್ಧಿಮತ್ತೆ: ಹೊಣೆ ಯಾರದು?

ಕೋಲಾರ: ರೋಗ ಪತ್ತೆ, ಚಿಕಿತ್ಸೆಯ ಆಯ್ಕೆ, ವಿಮಾ ಹಣದ ಮಂಜೂರಾತಿ ಮುಂತಾದ ನಿರ್ಧಾರಗಳಲ್ಲಿ ಗಣಕಯಂತ್ರದ ತಂತ್ರಾಂಶವು ಸಲಹೆ ನೀಡುವ ವ್ಯವಸ್ಥೆಯೇ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆ. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಲಕ್ಷಣ ಗುರುತಿಸುವುದು, ಮಧುಮೇಹಿಗಳ ಅಕ್ಷಿಪಟಲದ ಚಿತ್ರ ಪರಿಶೀಲಿಸುವುದು ಇದರ ಪರಿಚಿತ ಬಳಕೆಗಳು. ತಜ್ಞ ವೈದ್ಯರು ವಿರಳವಾಗಿರುವ ತಾಲ್ಲೂಕುಗಳಿಗೆ ಇದರಿಂದ ಪ್ರಯೋಜನವುಂಟು. ಆದರೆ ಯಂತ್ರವು ರೋಗಿಯನ್ನು ಆರೋಗ್ಯವಂತನೆಂದು ತಪ್ಪಾಗಿ ಹೇಳಿ ಮನೆಗೆ ಕಳುಹಿಸಿದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಅರ್ಧ ಉತ್ತರ ಮಾತ್ರ ದೊರೆಯುತ್ತದೆ.

ಕೋಲಾರದ ಹಿನ್ನೆಲೆ

ಆರೋಗ್ಯ ಸೇವೆಯಲ್ಲಿ ಗಣಕ ತಂತ್ರಜ್ಞಾನದ ಬಳಕೆ ಈ ಜಿಲ್ಲೆಗೆ ಹೊಸತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ರೋಗಿಗಳನ್ನು ದೂರದ ತಜ್ಞರೊಂದಿಗೆ ಜೋಡಿಸುವ 'ಡಿಜಿಟಲ್ ನರ್ವ್ ಸೆಂಟರ್' ಯೋಜನೆಯನ್ನು ರಾಜ್ಯ ಸರ್ಕಾರದ ಸಹಯೋಗದಲ್ಲಿ ಟಾಟಾ ಟ್ರಸ್ಟ್ಸ್ ಕೋಲಾರದಲ್ಲಿ 2017ರಲ್ಲಿ ಆರಂಭಿಸಿತು. ಅಲ್ಲಿ ಸಲಹೆ ನೀಡುತ್ತಿದ್ದವರು ವೈದ್ಯರು. ಈಗ ಬರುತ್ತಿರುವ ತಂತ್ರಾಂಶಗಳು ತಾವೇ ಅಭಿಪ್ರಾಯ ಕೊಡುತ್ತವೆ ಎಂಬುದು ಗಮನಾರ್ಹ.

ಇಂಥ ತಂತ್ರಾಂಶಗಳು ಹಳೆಯ ದಾಖಲೆಗಳಿಂದ ಕಲಿಯುತ್ತವೆ. ಆ ದಾಖಲೆಗಳು ಯಾವ ಜನರದ್ದು ಎಂಬುದು ಇಲ್ಲಿ ನಿರ್ಣಾಯಕ. ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ಅಸ್ಥಿ ಫ್ಲೋರೋಸಿಸ್‌ಗೆ ತುತ್ತಾದವರ ಮೂಳೆ ಎಕ್ಸ್‌ರೇಯಲ್ಲಿ ಹೆಚ್ಚು ಸಾಂದ್ರವಾಗಿ ಕಾಣುತ್ತದೆ. ಇಂಥ ಚಿತ್ರಗಳನ್ನು ಕಾಣದ ತಂತ್ರಾಂಶ ಇಲ್ಲಿ ಎಡವುವ ಸಂಭವವುಂಟು. ಅಮೆರಿಕದಲ್ಲಿ ಬಳಕೆಯಲ್ಲಿದ್ದ ತಂತ್ರಾಂಶವೊಂದು ರೋಗಿಯ ಹಿಂದಿನ ಚಿಕಿತ್ಸಾ ವೆಚ್ಚವನ್ನೇ ಅಗತ್ಯದ ಅಳತೆಗೋಲಾಗಿಸಿಕೊಂಡು, ಅಷ್ಟೇ ಅಸ್ವಸ್ಥರಾಗಿದ್ದ ಕಪ್ಪು ವರ್ಣೀಯರನ್ನು ಹಿಂದಕ್ಕೆ ತಳ್ಳಿದ್ದು 2019ರ ಅಧ್ಯಯನದಿಂದ ಬಯಲಾಯಿತು. ಹಣವಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತದವರ ಕಾಯಿಲೆ ಯಾವ ದಾಖಲೆಯಲ್ಲೂ ಇರದು.

ಈಗಿರುವ ನಿಯಮಗಳು

* 2020ರ ಮಾರ್ಚ್‌ನಲ್ಲಿ ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆಯು ರೋಗಿಗೆ ನೇರವಾಗಿ ಸಲಹೆ ನೀಡುವಂತಿಲ್ಲ, ಔಷಧ ಬರೆಯುವಂತಿಲ್ಲ. ವೈದ್ಯರಿಗೆ ನೆರವಾಗಬಹುದು, ಅಂತಿಮ ಸಲಹೆ ನೋಂದಾಯಿತ ವೈದ್ಯರದ್ದೇ ಆಗಿರಬೇಕು.

* ರೋಗ ಪತ್ತೆಗೆ ಬಳಸುವ ತಂತ್ರಾಂಶವೂ ವೈದ್ಯಕೀಯ ಸಾಧನಗಳ 2017ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅಪಾಯದ ಪ್ರಮಾಣಕ್ಕನುಗುಣವಾಗಿ ಎ ಇಂದ ಡಿ ವರೆಗೆ ನಾಲ್ಕು ವರ್ಗಗಳಿವೆ.

* ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯಲ್ಲಿ ಸುರಕ್ಷತೆ, ಹೊಣೆಗಾರಿಕೆ, ತಾರತಮ್ಯರಹಿತತೆ ಸೇರಿದಂತೆ 10 ತತ್ತ್ವಗಳಿವೆ. ಇದು ಮಾರ್ಗದರ್ಶನವೇ ಹೊರತು ಶಾಸನವಲ್ಲ.

* ರೋಗಿಯ ಮಾಹಿತಿಯ ಬಳಕೆಗೆ ಸಂಬಂಧಿಸಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ರೂಪುಗೊಂಡಿದೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ಹಂತಹಂತವಾಗಿ ಜಾರಿಗೊಳ್ಳಲಿವೆ.

ಉಳಿದಿರುವ ಕೊರತೆ

ಯಂತ್ರದ ಅಭಿಪ್ರಾಯ ಪಡೆದಿದ್ದೇವೆಂದು ರೋಗಿಗೆ ತಿಳಿಸಬೇಕೆಂಬ ಸ್ಪಷ್ಟ ಹಾಗೂ ಕಡ್ಡಾಯ ಕಾನೂನು ನಮ್ಮಲ್ಲಿಲ್ಲ. ವಿಮೆಯ ವಿಷಯದಲ್ಲಿಯೂ ಇದೇ ಸ್ಥಿತಿ. ಆಯುಷ್ಮಾನ್ ಭಾರತ್ ಯೋಜನೆಯ ಅನುಮಾನಾಸ್ಪದ ಬಿಲ್ಲುಗಳ ಪತ್ತೆಗೆ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ಈ ತಂತ್ರಜ್ಞಾನವನ್ನು ಬಳಸುತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಚಿಕಿತ್ಸೆ ಅನಗತ್ಯವೆಂದು ವಿಮಾ ಸಂಸ್ಥೆ ನಿರಾಕರಿಸುವುದಾದರೆ ಆ ತೀರ್ಮಾನವನ್ನು ಅರ್ಹ ವೈದ್ಯಕೀಯ ವೃತ್ತಿಪರರೇ ಕೈಗೊಳ್ಳಬೇಕು. ಯಂತ್ರದ ಮಾತೊಂದೇ ಸಾಲದು.

ಕರ್ನಾಟಕಕ್ಕೆ ದಾರಿ ಇಲ್ಲದಿಲ್ಲ. ಶ್ರೀನಿವಾಸಪುರ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ವೈದ್ಯರ ತೀವ್ರ ಮುಷ್ಕರದ ನಡುವೆಯೂ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ಅಂಗೀಕಾರವಾಯಿತು. ಅದರಂತೆ ರೋಗಿಗಳ ಹಕ್ಕುಗಳ ಸನ್ನದು ರೂಪುಗೊಂಡಿತು; ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರವೂ ಬಂದಿತು. ತಂತ್ರಾಂಶದ ಬಳಕೆಯನ್ನು ತಿಳಿಯುವ ಹಕ್ಕನ್ನು ಈ ಸನ್ನದಿಗೆ ಸೇರಿಸಿದರೆ ದೂರು ನೀಡಲು ಹೊಸ ಕಚೇರಿಯೇ ಬೇಕಾಗದು. ಆದರೆ ಈ ಕಾಯ್ದೆ ಸರ್ಕಾರಿ ಆಸ್ಪತ್ರೆಗಳಿಗೆ ಅನ್ವಯಿಸದು. ಬಡವರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಅವುಗಳಿಗೂ ಸಮಾನ ನಿಯಮ ಅಗತ್ಯ.

ಒಪ್ಪಿಗೆಯ ಭಾಷೆಯೂ ಮುಖ್ಯ. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅನೇಕರ ಮನೆಮಾತು ತೆಲುಗು; ಮಾಲೂರು ತಮಿಳುನಾಡಿನ ಗಡಿಗೆ ಹೊಂದಿಕೊಂಡಿದೆ. ಇಂಗ್ಲಿಷ್ ನಮೂನೆಗೆ ಹಾಕಿಸಿಕೊಂಡ ಹೆಬ್ಬೆಟ್ಟಿನ ಗುರುತನ್ನು ಒಪ್ಪಿಗೆ ಎನ್ನಲಾಗದು.

ರೋಗಿಗಳು ಕೇಳಬಹುದಾದ ಪ್ರಶ್ನೆಗಳು

ಈ ವರದಿಯನ್ನು ಯಂತ್ರ ಸಿದ್ಧಪಡಿಸಿತೇ? ಯಾವ ವೈದ್ಯರು ಅದನ್ನು ಪರಿಶೀಲಿಸಿ ಸಹಿ ಮಾಡಿದ್ದಾರೆ? ಸಂಶಯವಿದ್ದಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ದೊರೆಯುವುದೇ? ವರದಿ 'ಸಾಮಾನ್ಯ' ಎಂದಿದ್ದರೂ ನೋವು, ಜ್ವರ, ಕೆಮ್ಮು ಮುಂದುವರಿದರೆ ವೈದ್ಯರನ್ನು ಮತ್ತೆ ಕಾಣುವುದು ಒಳಿತು.