ಕಣಿಲೆ, ಕೆಸುವು, ಅಣಬೆ: ಮಳೆಗಾಲದ ಅಡುಗೆಯಲ್ಲಿ ವಹಿಸಬೇಕಾದ ಎಚ್ಚರ

ಮಾಣಿ-ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಸಂಪಾಜೆಯತ್ತ ಸಾಗುವಾಗ ಸಿಗುವ ಊರು ಅರಂತೋಡು. ಅಡಿಕೆ ತೋಟ ಮುಗಿದಲ್ಲಿ ಕಾಡು ಆರಂಭವಾಗುವ ಈ ಭಾಗದಲ್ಲಿ ಮಳೆ ಹಿಡಿಯಿತೆಂದರೆ ಹಿತ್ತಿಲು ಮತ್ತು ಕಾಡಂಚಿನ ವಸ್ತುಗಳು ಅಡುಗೆಮನೆ ಸೇರುತ್ತವೆ. ಬಿದಿರಿನ ಎಳೆ ಮೊಳಕೆಯಾದ ಕಣಿಲೆ, ಕೆಸುವಿನ ಎಲೆ, ಅಣಬೆ ಇವುಗಳಲ್ಲಿ ಮುಖ್ಯವಾದವು. ಇಂದು ಇವು ನಗರದ ಮಾರುಕಟ್ಟೆಗಳಲ್ಲೂ ದೊರೆಯುತ್ತವೆ. ಆದರೆ ಅವುಗಳನ್ನು ಹದಗೊಳಿಸುವ ತಿಳಿವಳಿಕೆ ವಸ್ತುವಿನ ಜತೆಗೇ ನಗರಕ್ಕೆ ಬಂದಿಲ್ಲ. ಚೆನ್ನಾಗಿ ಬೇಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಮೂರಕ್ಕೂ ಸಮನಾಗಿ ಸಲ್ಲುವುದಿಲ್ಲ.

ಮಲೆನಾಡಿನಲ್ಲಿ ಕಳಲೆ ಎಂದೂ ಕೊಡಗಿನಲ್ಲಿ ಬೈಂಬಳೆ ಎಂದೂ ಕರೆಯಲಾಗುವ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದೆ. ಹಸಿ ಕಣಿಲೆಯನ್ನು ಕತ್ತರಿಸಿದಾಗ ಅಥವಾ ಜಗಿದಾಗ ಇದು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಇದರ ಲಕ್ಷಣಗಳು. ದೇಹದ ತೂಕ ಕಡಿಮೆಯಿರುವ ಮಕ್ಕಳಿಗೆ ಅಪಾಯ ಹೆಚ್ಚು.

ಸಿಪ್ಪೆ ಬಿಡಿಸಿ, ತೆಳುವಾಗಿ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಹಾಕುವುದು ಇಲ್ಲಿನ ರೂಢಿ. ಇದಕ್ಕೆ ವೈಜ್ಞಾನಿಕ ಆಧಾರವೂ ಇದೆ. ತೆಳುವಾಗಿ ಹೆಚ್ಚಿದಷ್ಟೂ ವಿಷಾಂಶ ಬೇಗ ಒಡೆದು ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುವ ವಸ್ತುವಾದ್ದರಿಂದ, ನೆನೆದ ಕಣಿಲೆಯನ್ನು ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕುದಿಸಿ ಆ ನೀರನ್ನು ಚೆಲ್ಲಿದರೆ ಉಳಿದದ್ದೂ ಹೋಗುತ್ತದೆ. ಕುಕ್ಕರಿನಲ್ಲಿ ಬೇಯಿಸಿದರೂ ನೀರು ಚೆಲ್ಲುವುದನ್ನು ಬಿಡುವಂತಿಲ್ಲ. ನೆನೆಸಿದ ನೀರನ್ನು ದನಗಳ ಅಕ್ಕಚ್ಚಿಗೆ ಸುರಿಯುವುದೂ ಸಲ್ಲದು. ಇಷ್ಟಾದ ಮೇಲಷ್ಟೇ ಅದು ಹೆಸರುಕಾಳಿನ ಜತೆ ಗಸಿಗೋ ಸುಕ್ಕಕ್ಕೋ ಯೋಗ್ಯ. ಹೆಚ್ಚಿದ ಕಣಿಲೆಯನ್ನು ಪೇಟೆಯಲ್ಲಿ ಕೊಳ್ಳುವವರು ಎಷ್ಟು ದಿನ ನೆನೆದದ್ದು ಎಂದು ವಿಚಾರಿಸಬೇಕು. ಉತ್ತರ ಸ್ಪಷ್ಟವಿಲ್ಲದಿದ್ದರೆ ಮನೆಯಲ್ಲೇ ಮತ್ತೆ ನೆನೆಸುವುದು ಲೇಸು.

ಮರಗೆಣಸಿನಲ್ಲೂ ಇದೇ ಜಾತಿಯ ವಿಷಾಂಶವಿದೆ. 1981ರಲ್ಲಿ ಮೊಜಾಂಬಿಕ್‌ನ ನಾಂಪುಲಾ ಪ್ರಾಂತ್ಯದಲ್ಲಿ ಬರಗಾಲದ ವೇಳೆ ಸರಿಯಾಗಿ ಸಂಸ್ಕರಿಸದ ಕಹಿ ಮರಗೆಣಸನ್ನೇ ನೆಚ್ಚಿದ ಸಾವಿರಕ್ಕೂ ಹೆಚ್ಚು ಮಂದಿಯ ಕಾಲುಗಳು ಸ್ವಾಧೀನ ತಪ್ಪಿದವು. ಹಸಿವಿನಲ್ಲಿ ನೆನೆಸಿ ಒಣಗಿಸುವ ಅವಧಿಯನ್ನು ಮೊಟಕುಗೊಳಿಸಿದ್ದು ಅದಕ್ಕೆ ಪ್ರಮುಖ ಕಾರಣ.

ಕಣಿಲೆ ಮತ್ತು ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಡುವ ಪದ್ಧತಿಯೂ ಕರಾವಳಿಯಲ್ಲಿದೆ. ಆರೋಗ್ಯದ ಹೆಸರಿನಲ್ಲಿ ಇಲ್ಲಿ ಉಪ್ಪು ಕಡಿಮೆ ಮಾಡುವುದು ಅಪಾಯಕಾರಿ. ಗಾಳಿಯಾಡದ ಭರಣಿಯಲ್ಲಿ ಬೆಳೆಯುವ ಬಾಟುಲಿಸಂ ರೋಗಾಣುವನ್ನು ತಡೆಯಲು ದ್ರಾವಣದಲ್ಲಿ ಶೇ. 10ರಷ್ಟು ಉಪ್ಪಿರಬೇಕು. ತರಕಾರಿ ಬಿಡುವ ನೀರಿನಿಂದ ದ್ರಾವಣ ತೆಳುವಾಗುವುದರಿಂದ ಇನ್ನೂ ತುಸು ಹೆಚ್ಚೇ ಹಾಕಬೇಕು. ಹೆಚ್ಚಾದ ಉಪ್ಪನ್ನು ಅಡುಗೆಗೆ ಮೊದಲು ನೀರಿನಲ್ಲಿ ನೆನೆಸಿ ತೆಗೆಯಬಹುದು.

ಕೆಸುವಿನ ಸಮಸ್ಯೆ ಬೇರೆ. ಎಲೆಯಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ನಾಲಿಗೆ, ಗಂಟಲಿಗೆ ಚುಚ್ಚಿ ತುರಿಕೆ ಉಂಟುಮಾಡುತ್ತವೆ. ಪತ್ರೊಡೆಯ ಹಿಟ್ಟಿಗೆ ಹುಣಿಸೆಹಣ್ಣು ಧಾರಾಳವಾಗಿ ಹಾಕುವುದು, ದೀರ್ಘಕಾಲ ಹಬೆಯಲ್ಲಿ ಬೇಯಿಸುವುದು ಅನುಭವದಿಂದ ಕಂಡುಕೊಂಡ ಉಪಾಯಗಳು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ಮಿತಿಯಲ್ಲಿರುವುದು ಒಳಿತು.

ಅಣಬೆಗೆ ಇಂಥ ಯಾವ ಉಪಾಯವೂ ಇಲ್ಲ. ಮಾರಕ ಅಣಬೆಗಳಲ್ಲಿರುವ ಅಮಟಾಕ್ಸಿನ್ ಕುದಿಸಿದರೂ, ಒಣಗಿಸಿದರೂ, ಹುಳಿ ಹಿಂಡಿದರೂ ನಾಶವಾಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು, ಹುಳು ತಿಂದದ್ದು ಮನುಷ್ಯರಿಗೂ ಆಗುತ್ತದೆ ಎಂಬ ಪರೀಕ್ಷೆಗಳಿಗೆ ಆಧಾರವಿಲ್ಲ. ತಲೆತಲಾಂತರದಿಂದ ಗುರುತಿರುವ ಜಾತಿಯನ್ನು, ಗುರುತು ಬಲ್ಲವರೇ ಕಿತ್ತು ತಂದಿದ್ದರೆ ಮಾತ್ರ ಬಳಸಬೇಕು. ವಿಷಾಣಬೆ ತಿಂದವರಲ್ಲಿ ವಾಂತಿ-ಭೇದಿ ಸಾಮಾನ್ಯವಾಗಿ 6ರಿಂದ 24 ಗಂಟೆಗಳ ಬಳಿಕ ಕಾಣಿಸಿಕೊಂಡು, ನಡುವೆ ಒಂದು ದಿನ ಗುಣವಾದಂತೆ ತೋರುತ್ತದೆ. ಯಕೃತ್ತಿಗೆ ಹಾನಿ ಮುಂದುವರಿಯುವುದು ಆ ಹೊತ್ತಿನಲ್ಲೇ. ಆದ್ದರಿಂದ ಸುಧಾರಿಸಿತೆಂದು ಕಾಯದೆ, ಉಳಿದ ಅಣಬೆಯ ತುಂಡನ್ನೂ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು.